ಅಂಗಳದಲ್ಲಿ ಬಿಚ್ಚಿದ ಎಂಜಿನ್ನು ಮತ್ತು ಶ್ರಾವಕನ ಅಣುವ್ರತ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯಲ್ಲಿರುವ ಕಡಕೊಳವು ಕೈಗಾರಿಕೆಗಳ ಊರು. ಆದಕಾರಣ ಲಾರಿಗಳ ಊರೂ ಹೌದು. ಒಂದೇ ಲಾರಿಯನ್ನು ನೆಚ್ಚಿದ ಸಂಸಾರಕ್ಕೆ ಎಂಜಿನ್ನು ಕೆಟ್ಟಿತೆಂದರೆ ಅನ್ನದ ದಾರಿಯೇ ಮುಚ್ಚಿದಂತೆ. ಸಾಲದ ಕಂತು ಮಾತ್ರ ಯಾರಿಗೂ ಕಾಯುವುದಿಲ್ಲ. ಆಗ ಮಾಲೀಕನು ಗ್ಯಾರೇಜಿನ ಖರ್ಚಿಗೆ ಅಂಜಿ, ಪರಿಚಯದ ಮೇಸ್ತ್ರಿಯನ್ನು ಕರೆತಂದು ಮನೆಯಂಗಳದಲ್ಲಿಯೇ ಎಂಜಿನ್ನನ್ನು ಬಿಚ್ಚಿಸುವುದುಂಟು.

ಆಚಾರ್ಯ ಹೇಮಚಂದ್ರರ 'ಯೋಗಶಾಸ್ತ್ರ'ವು 15 ಕರ್ಮಾದಾನಗಳಲ್ಲಿ ಬಂಡಿಯ ವೃತ್ತಿಯನ್ನೂ ಬಾಡಿಗೆಯ ಸಾಗಾಟವನ್ನೂ ಎಣಿಸಿದೆ. ಆ ದೃಷ್ಟಿಯಿಂದ ಲಾರಿಯ ಜೀವನೋಪಾಯವು ಪೂರ್ಣ ನಿರ್ದೋಷವಲ್ಲ. ಆದರೆ ಉದ್ಯೋಗೀ ಹಿಂಸೆಯನ್ನು ಸಂಪೂರ್ಣವಾಗಿ ಬಿಡಲಾರದ ಗೃಹಸ್ಥನು ಅದನ್ನು ಕಡಿಮೆ ಮಾಡಿಕೊಳ್ಳಲು ಬದ್ಧನು. ಉಮಾಸ್ವಾಮಿಗಳು 'ತತ್ತ್ವಾರ್ಥಸೂತ್ರ'ದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟಿದ್ದಾರೆ. ನೂರಾರು ಕಿಲೋ ತೂಗುವ ಎಂಜಿನ್ನು ಸರಪಳಿಯಲ್ಲಿ ತೂಗಾಡುವಾಗ ಅದರ ಕೆಳಗೆ ಕೆಲಸದ ಹುಡುಗನನ್ನು ನುಗ್ಗಿಸುವುದು ಪ್ರಮಾದ. ಮಳೆಗಾಲದ ರಾತ್ರಿ ದೀಪದಡಿಯಲ್ಲಿ, ಬಿಡಿಭಾಗಗಳನ್ನು ತೊಳೆಯುವ ಡೀಸೆಲ್ ತಟ್ಟೆಯನ್ನು ತೆರೆದಿಟ್ಟು ಹುಳುಗಳನ್ನು ಕೊಲ್ಲುವುದೂ ಪ್ರಮಾದ. ಸೂರ್ಯಾಸ್ತಕ್ಕೆ ಕೆಲಸ ನಿಲ್ಲಿಸಿ ತಟ್ಟೆಯನ್ನು ಮುಚ್ಚಿದರೆ ಸಾಕು. ಕರಿ ಎಣ್ಣೆಯನ್ನು ಚರಂಡಿಗೆ ಚೆಲ್ಲುವುದಂತೂ ಅನರ್ಥದಂಡವೇ ಸರಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳೂ ಅದನ್ನು ಅಧಿಕೃತ ಸಂಸ್ಕರಣೆಗೆ ಸೇರಿಸಬೇಕೆನ್ನುತ್ತವೆ.

ಆದರೆ ನಿಜವಾದ ಪರೀಕ್ಷೆ ಎದುರಾಗುವುದು ಎಂಜಿನ್ನು ಬಿಚ್ಚಿದ ಮೇಲೆ. ಕ್ರ್ಯಾಂಕ್ ಸವೆದಿದೆ, ಲೈನರುಗಳಲ್ಲಿ ಗೀರು ಬಿದ್ದಿದೆ. ಕ್ರ್ಯಾಂಕನ್ನು ಗ್ರೈಂಡಿಂಗಿಗೆ ಕಳುಹಿಸಿ, ಅಳತೆಗೆ ತಕ್ಕ ಬೇರಿಂಗ್, ಹೊಸ ಲೈನರ್, ಪಿಸ್ಟನ್, ರಿಂಗುಗಳನ್ನು ಕೂಡಿಸಲು ಹಣವೂ ಬೇಕು, ದಿನಗಳೂ ಬೇಕು. ಅಷ್ಟರಲ್ಲಿ ಯಾರೋ ಗುಜರಿಯಲ್ಲಿ ಅಗ್ಗದ ಎಂಜಿನ್ನೊಂದಿದೆ ಎನ್ನುತ್ತಾರೆ. ಬಿಲ್ಲಿಲ್ಲ, ಎಂಜಿನ್ ನಂಬರನ್ನು ಉಜ್ಜಿ ಅಳಿಸಿದೆ. ಲಾರಿಯ ಹಳೆಯ ನಂಬರನ್ನೇ ಅದರ ಮೇಲೆ ಕೊರೆಸಿದರಾಯಿತು ಎಂಬ ಉಪದೇಶವೂ ದೊರೆಯುತ್ತದೆ.

ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಮೂರು ಈ ಒಂದೇ ವ್ಯವಹಾರದಲ್ಲಿ ಕೂಡಿಬರಬಲ್ಲವು. ಕದ್ದ ವಸ್ತುವನ್ನು ಕೊಳ್ಳುವುದು ತದಾಹೃತಾದಾನ. ಬದಲಾಯಿಸಿದ ಎಂಜಿನ್ನನ್ನು ನೋಂದಣಿ ಪತ್ರದಲ್ಲಿ ದಾಖಲಿಸದೆ 1988ರ ಮೋಟಾರು ವಾಹನ ಕಾಯ್ದೆಯನ್ನು ಮೀರುವುದು ವಿರುದ್ಧರಾಜ್ಯಾತಿಕ್ರಮ. ಸುಳ್ಳು ನಂಬರು ಕೊರೆಸಿ ಒಂದನ್ನು ಇನ್ನೊಂದೆಂದು ತೋರಿಸುವುದು ಪ್ರತಿರೂಪಕ ವ್ಯವಹಾರ. ತಾನು ಕದಿಯಲಿಲ್ಲ ಎಂಬ ಸಮಾಧಾನವು ಇಲ್ಲಿ ನಿಲ್ಲದು. ಹಳೆಯ ಎಂಜಿನ್ನನ್ನು ಕೊಳ್ಳುವುದೇ ದೋಷವೆಂದಲ್ಲ. ದಾಖಲೆಯುಳ್ಳದ್ದನ್ನು ಕೊಂಡು, ಬದಲಾವಣೆಯನ್ನು ಬರೆಸಿಕೊಂಡರೆ ವ್ರತಕ್ಕೆ ಭಂಗವಿಲ್ಲ.

ಆದರೂ ಬಡ ಮಾಲೀಕನಿಗೆ ಉಪದೇಶವನ್ನಷ್ಟೇ ಮಾಡಿ ಸುಮ್ಮನಿರುವುದು ಸಮಾಜಕ್ಕೆ ತರವಲ್ಲ. ಧರ್ಮದಿಂದ ಜಾರುತ್ತಿರುವವನನ್ನು ಹಿಡಿದು ನಿಲ್ಲಿಸುವ ಸ್ಥಿತೀಕರಣವು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲೊಂದು. ಬಸದಿಯ ಟ್ರಸ್ಟುಗಳು ದೇವದ್ರವ್ಯವನ್ನು ಮುಟ್ಟದೆ, ಶ್ರಾವಕರ ನೆರವಿಗೆಂದೇ ಪ್ರತ್ಯೇಕ ನಿಧಿಯನ್ನು ಕೂಡಿಸಿ ಒಂದೆರಡು ಕಂತಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟರೆ, ಅವನು ಗುಜರಿಯ ಬಾಗಿಲಿನಿಂದ ಹಿಂದಿರುಗಿಯಾನು. ಒಬ್ಬನ ವ್ರತವು ಉಳಿಯುವುದು ಎಷ್ಟೋ ವೇಳೆ ಹತ್ತು ಜನರ ವಾತ್ಸಲ್ಯದಿಂದ.