ಓಮ್ನಿಯ ಎಡಗಡೆ ಪಟ್ಟಿ

ನಮ್ಮ ಮನೆಯ ಓಮ್ನಿಗೆ ಈಗ ಹದಿನೆಂಟು ವರ್ಷ. 2007ರಲ್ಲಿ ಮಾವ ಕಾಫಿ ದುಡ್ಡಿನಲ್ಲಿ ತಂದದ್ದು. ಮಾರುತಿಯವರು 2019ರಲ್ಲೇ ಓಮ್ನಿ ಮಾಡುವುದನ್ನು ನಿಲ್ಲಿಸಿದರು, ನಮ್ಮದು ಮಾತ್ರ ಸಂಪಾಜೆ ಘಾಟಿ ಹತ್ತಿ ಇಳಿಯುತ್ತಲೇ ಇದೆ. ಹಿಂದಿನ ಸೀಟು ಮಡಚಿ, ಮೇಲೆ ಎರಡು ಹಲಗೆ ಹಾಸಿದರೆ ಅದೊಂದು ಪುಟ್ಟ ಮಲಗುವ ಕೋಣೆ. ಬದಿಗೆ ನಾಲ್ಕು ಎಂಎಂ ಪ್ಲೈವುಡ್, ಅಂಚಿಗೆ ಮರದ ಬೀಡಿಂಗ್, ತಲೆಯ ಮೇಲೆ ಫೋಮ್ ಕೂಡಿಸಿದ ರೆಕ್ಸಿನ್. ಮಾವ ಊರಿನ ಆಚಾರಿಯನ್ನು ಕೂರಿಸಿಕೊಂಡು ಮಾಡಿಸಿದ್ದು. ಸೀಟು ಕಿತ್ತಿಲ್ಲ, ಬಾಡಿ ಕೊರೆದಿಲ್ಲ. ಆರ್‌ಸಿಯಲ್ಲಿ ಬರೆದಿರುವುದಕ್ಕಿಂತ ಗಾಡಿ ಬೇರೆ ಆಗಬಾರದು ಅಂತ ಕಾನೂನಿದೆ, ಮಾವನಿಗೆ ಅದೆಲ್ಲ ಬಾಯಿಪಾಠ.

ಅಮೆರಿಕದಲ್ಲಿರುವ ನನ್ನ ತಮ್ಮ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಮನೆಗಾಡಿಯ ಫೋಟೋ ಕಳಿಸಿದ್ದ. ಒಳಗೆ ಒಲೆ, ಮಂಚ, ಕಕ್ಕಸು ಎಲ್ಲಾ ಇದೆ. ಅಲ್ಲೂ ಇದೇ ಗೋಳಂತೆ. ರಸ್ತೆಯ ಕುಲುಕಾಟಕ್ಕೆ ಬೀಡಿಂಗ್ ಏಳುತ್ತದೆ, ಮೇಲಿನ ಲೈನಿಂಗ್ ಜೋಲುತ್ತದೆ. ಓಡಾಡುವ ಮನೆಗೆ ಯಾವ ದೇಶವಾದರೇನು! ಆದರೆ ಅವನಿಗೆ ನಮ್ಮ ಆಟಿ ತಿಂಗಳ ಮಳೆ ಇಲ್ಲವಲ್ಲ.

ಕೊಡಗಿನ ಮಳೆಗಾಲದಲ್ಲಿ ಚಪ್ಪಲಿಗೂ ಬೂಸ್ಟ್ ಬರುತ್ತದೆ. ಮರ ನೀರು ಕುಡಿದು ಉಬ್ಬುತ್ತದೆ, ಉದ್ದಕ್ಕಲ್ಲ, ಅಡ್ಡಕ್ಕೆ. ಜನವರಿ ಬಿಸಿಲಿಗೆ ಮತ್ತೆ ಕುಗ್ಗುತ್ತದೆ. ಹೀಗೆ ಉಬ್ಬಿ ಕುಗ್ಗಿ ಉಬ್ಬಿ ಕುಗ್ಗಿ ಮೊಳೆಯನ್ನು ತಾನೇ ಹೊರಗೆ ತಳ್ಳಿಬಿಡುತ್ತದೆ. ಕಬ್ಬಿಣದ ಮೊಳೆಯಾದರೆ ಅದು ಬೇರೆ ತುಕ್ಕು ಹಿಡಿದು ತೂತನ್ನು ದೊಡ್ಡದು ಮಾಡುತ್ತದೆ. ನಮ್ಮ ಬೀಡಿಂಗ್ ಸಿಲ್ವರ್ ಓಕಿನದು. ಮೆಣಸಿನ ಬಳ್ಳಿ ಹಬ್ಬಿಸುವ ಮರ, ತೋಟದಲ್ಲೇ ಬಿದ್ದಿತ್ತು ಅಂತ ಕೊಯ್ಸಿದ್ದು. ಹಲಸಿನದ್ದಾಗಿದ್ದರೆ ಇಷ್ಟು ಸೊಟ್ಟ ಆಗುತ್ತಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ, ಮಾವ ಒಪ್ಪುವುದಿಲ್ಲ.

ಮೊದಲೆಲ್ಲ ರಿಪೇರಿ ಅವರದೇ. ಮೂರು ವರ್ಷದಿಂದ ಅವರ ಬಲಗೈ ನಡುಗುತ್ತದೆ, ಸ್ಕ್ರೂಡ್ರೈವರ್ ನಿಲ್ಲುವುದಿಲ್ಲ. ಹಾಗಾಗಿ ಕೆಲಸ ನನ್ನ ಪಾಲಿಗೆ ಬಂತು. ಶೆಡ್ಡಿನಲ್ಲಿ ಸ್ಟೂಲ್ ಹಾಕಿಕೊಂಡು ಕೂತು, “ಅದಲ್ಲ ಮಾರಾಯ್ತಿ, ಪಕ್ಕದ್ದು” ಅಂತ ಹೇಳುವುದು ಅವರ ಕೆಲಸ.

ಕಲಿತದ್ದನ್ನು ಹೇಳುತ್ತೇನೆ, ನಿಮ್ಮಲ್ಲೂ ಯಾರ ಮನೆಯಲ್ಲಾದರೂ ಇಂಥದ್ದೊಂದು ಗಾಡಿ ಇದ್ದೀತು. ತಲೆಯ ಮೇಲಿನ ರೆಕ್ಸಿನ್ ಜೋತು ಬಿದ್ದರೆ ಅದನ್ನು ಹಾಗೇ ಗಮ್ ಹಚ್ಚಿ ಒತ್ತಿ ಪ್ರಯೋಜನ ಇಲ್ಲ. ಹಿಂದಿನ ಫೋಮ್ ಹಳಸಿ ಹಿಟ್ಟಿನ ಹಾಗೆ ಉದುರುತ್ತಿರುತ್ತದೆ, ಗಮ್ ಆ ಹಿಟ್ಟಿಗೆ ಅಂಟುತ್ತದೆ, ತಗಡಿಗಲ್ಲ. ಪೂರ್ತಿ ಬಿಚ್ಚಿ, ಹಳೇ ಫೋಮನ್ನು ಉಜ್ಜಿ ತೆಗೆದು, ಹೊಸದು ಹಾಕಬೇಕು. ಮರಕ್ಕೆ ಹಚ್ಚುವ ಬಿಳಿ ಫೆವಿಕಾಲ್ ಇಲ್ಲಿ ಬರುವುದಿಲ್ಲ, ತಗಡಿಗೆ ಅದು ಹಿಡಿಯದು, ನೀರು ತಾಗಿದರೆ ಮೆತ್ತಗಾಗುತ್ತದೆ. ಚಪ್ಪಲಿ ಹೊಲಿಯುವವರು, ಸೀಟ್ ಕವರ್‌ನವರು ಬಳಸುವ ಹಳದಿ ರಬ್ಬರ್ ಗಮ್ ಬೇಕು. ಎರಡೂ ಕಡೆ ತೆಳ್ಳಗೆ ಸವರಿ, ಹತ್ತು ಹದಿನೈದು ನಿಮಿಷ ಬಿಟ್ಟು, ಬೆರಳಿಗೆ ಅಂಟದ ಹಾಗೆ ಆದ ಮೇಲೆ ಕೂಡಿಸಬೇಕು. ಒಮ್ಮೆ ಕೂಡಿಸಿದರೆ ಸರಿಸಲು ಬರುವುದಿಲ್ಲ.

ಈ ಹದಿನೈದು ನಿಮಿಷದಲ್ಲೇ ನಮ್ಮ ಮಳೆ ಕೈ ಕೊಡುವುದು. ಗಮ್ ಒಣಗುವಾಗ ಅದರೊಳಗಿನ ದ್ರವ ಹಾರಿ ಆ ಜಾಗ ತಣ್ಣಗಾಗುತ್ತದೆ, ಒದ್ದೆ ಗಾಳಿಯ ನೀರು ಅದರ ಮೇಲೆ ಕೂತು ಬೆಳ್ಳಗೆ ಮಂಜು ಹಿಡಿದಂತೆ ಆಗುತ್ತದೆ. ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ, ಆದರೆ ಹಿಡಿಯುವುದಿಲ್ಲ. ಆದ್ದರಿಂದ ಗಮ್ಮಿನ ಕೆಲಸವೆಲ್ಲ ಮೇ ತಿಂಗಳ ಒಳಗೆ. ಪ್ಲೈ ಹಲಗೆಯನ್ನು ಮಾತ್ರ ಯಾವಾಗ ಬೇಕಾದರೂ ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸಬಹುದು. ಗಮ್ಮಿನ ಡಬ್ಬಿಯನ್ನು ಒಲೆಯ ಹತ್ತಿರ ತರಬಾರದು, ಫಕ್ಕನೆ ಬೆಂಕಿ ಹಿಡಿಯುತ್ತದೆ.

ಪ್ಲೈ ಕೊಳ್ಳುವಾಗ ಅಂಗಡಿಯವರು ‘ವಾಟರ್‌ಪ್ರೂಫ್’ ಅಂದರೆ ಸಾಲದು, ಹಲಗೆಯ ಮೇಲಿನ ಸೀಲ್ ನೋಡಿ. ಐಎಸ್ 710 ಅಂತಿದ್ದರೆ ಅದು ಮರೀನ್ ಪ್ಲೈ, 72 ಗಂಟೆ ಕುದಿಯುವ ನೀರಿನಲ್ಲಿಟ್ಟರೂ ಪದರ ಬಿಡಬಾರದು ಅನ್ನುವ ಪರೀಕ್ಷೆ ಅದಕ್ಕಿದೆ. ರಾತ್ರಿ ಒಳಗೆ ಮಲಗಿದವರ ಉಸಿರೇ ಬೆಳಗಾಗುವಷ್ಟರಲ್ಲಿ ತಗಡಿನ ಮೇಲೆ ನೀರಾಗಿ ಹಲಗೆಯ ಹಿಂದೆ ಇಳಿಯುತ್ತದೆ. ಒಂದು ಬೆರಳಿನಷ್ಟು ಕಿಟಕಿ ತೆರೆದಿಡಬೇಕು.

ಒಳಗೆ ಮಲಗಿದವರು ಅಂದೆನಲ್ಲ. ನಾವೇನೂ ಟೂರಿಗೆ ಹೋಗಿ ಮಲಗಿದ್ದಲ್ಲ.

2018ರ ಆಗಸ್ಟ್ ಮಧ್ಯದಲ್ಲಿ ಜೋಡುಪಾಲ, ಮದೆನಾಡು, ಮಕ್ಕಂದೂರು, ಕಾಲೂರು ಕಡೆಯಲ್ಲೆಲ್ಲ ಗುಡ್ಡ ಜಾರಿತು. ನಮ್ಮ ಮನೆ ಮದೆನಾಡಿನಿಂದ ಸ್ವಲ್ಪ ಒಳಗೆ. ಹಿಂದಿನ ಬಾಣೆಯಲ್ಲಿ ನೆಲ ಬಿರುಕು ಬಿಟ್ಟದ್ದನ್ನು ಮಾವ ಬೆಳಿಗ್ಗೆ ಹಾಲು ಕರೆಯಲು ಹೋದಾಗ ನೋಡಿ ಬಂದು, “ಹೊರಡಿ” ಅಂದರು. ಅಷ್ಟೇ. ಯುಕೆಜಿಯಲ್ಲಿದ್ದ ಮಗಳನ್ನು ಎತ್ತಿಕೊಂಡು ನಾನು, ಮೊಣಕಾಲು ನೋವಿನ ಅತ್ತೆ, ಮಾವ ಗಾಡಿ ಹತ್ತಿದೆವು. ನಮ್ಮ ಯಜಮಾನರು ಬೆಂಗಳೂರಿನಲ್ಲಿ. ಎರಡೂ ಕಡೆ ರಸ್ತೆ ಮುಚ್ಚಿ, ಗಟ್ಟಿ ನೆಲ ಅಂತ ಕಂಡ ಒಂದು ಮೈದಾನದಲ್ಲಿ ಎರಡು ರಾತ್ರಿ ಅದರೊಳಗೇ ಕಳೆದೆವು. ಆಗ ಹಲಗೆಯೂ ಇಲ್ಲ, ಲೈನಿಂಗೂ ಇಲ್ಲ. ತಗಡಿನಿಂದ ನೀರು ಅತ್ತೆಯ ಹಣೆಗೆ ತೊಟ್ಟಿಕ್ಕುತ್ತಿತ್ತು. ಮನೆಯ ಹಿಂಭಾಗ ಮಣ್ಣಿನಡಿ ಹೋಯಿತು. ಪರಿಹಾರ ಕೇಂದ್ರದಲ್ಲಿ ಹೆಸರು ಬರೆಸುವಾಗ ನಮ್ಮ ಹತ್ತಿರ ಒಂದು ಕಾಗದವೂ ಇರಲಿಲ್ಲ. ಆಧಾರ್, ಪಹಣಿ, ಪಾಸ್‌ಬುಕ್ ಎಲ್ಲ ಹಿಂದಿನ ಕೋಣೆಯ ಕಪಾಟಿನಲ್ಲಿತ್ತು.

ಹಲಗೆ, ಬೀಡಿಂಗ್, ರೆಕ್ಸಿನ್ ಎಲ್ಲ ಆದದ್ದು ಮರು ವರ್ಷ. ಅಂದಿನಿಂದ ಜೂನ್ ಒಂದಕ್ಕೆ ಗಾಡಿ ಮೂತಿ ರಸ್ತೆ ಕಡೆ ಮಾಡಿ ನಿಲ್ಲುತ್ತದೆ, ಟ್ಯಾಂಕ್ ತುಂಬಿರುತ್ತದೆ. ಯಜಮಾನರಿಗೆ ಇದು ಇಷ್ಟವಿಲ್ಲ. “ಅಪ್ಪನಿಗೆ ಆ ಗಾಡಿ ನೋಡಿದ್ರೆ ಹೆದರಿಕೆ ಹೋಗೋದೇ ಇಲ್ಲ, ಗುಜರಿಗೆ ಕೊಟ್ಟುಬಿಡೋಣ” ಅನ್ನುತ್ತಾರೆ. ಹದಿನೈದು ವರ್ಷ ಆದಾಗ 2022ರಲ್ಲಿ ಐದು ವರ್ಷಕ್ಕೆ ನೋಂದಣಿ ನವೀಕರಿಸಿದೆವು. 2027ರಲ್ಲಿ ಮತ್ತೆ ಆ ಮಾತು ಬರುತ್ತದೆ.

ಇಷ್ಟೆಲ್ಲ ಹೇಳಿದ್ದು ಎಡಗಡೆಯ ಒಂದು ಪಟ್ಟಿಗಾಗಿ. ಡ್ರೈವರ್ ಸೀಟಿನ ಎದುರು ಬದಿ, ಜಾರುವ ಬಾಗಿಲಿನ ಹಿಂದೆ ಎರಡಡಿ ಉದ್ದದ ಬೀಡಿಂಗ್. ಬೇರೆ ಕಡೆ ಹಿತ್ತಾಳೆ ಸ್ಕ್ರೂ ಹಾಕಿದ ಮೇಲೆ ಅಲ್ಲಾಡಿಲ್ಲ. ಇದು ಮಾತ್ರ ಪ್ರತಿ ವರ್ಷ ಸಡಿಲ. ತೂತಿಗೆ ಬಿದಿರಿನ ಚಕ್ಕೆ ಗಮ್ ಹಚ್ಚಿ ತುಂಬಿ ಸ್ಕ್ರೂ ಕೂರಿಸಿದೆ, ಮುಂದಿನ ವರ್ಷ ಚಕ್ಕೆಯೇ ಪುಡಿ. ಮಳೆನೀರು ಸೋರುತ್ತಿದೆಯೇ ಅಂತ ಪೈಪಿನಿಂದ ನೀರು ಬಿಟ್ಟು ನೋಡಿದೆ, ಒಣಗಿಯೇ ಇತ್ತು. ಈ ಮೇ ತಿಂಗಳಲ್ಲಿ ಟಾರ್ಚ್ ಹಿಡಿದು ನೋಡುತ್ತೇನೆ, ಸ್ಕ್ರೂವಿನ ತಲೆಯ ಗೀರೆಲ್ಲ ಸವೆದು ಹೋಗಿದೆ. ಕುಲುಕಾಟಕ್ಕೆ ಸ್ಕ್ರೂ ಸಡಿಲವಾಗುತ್ತದೆ, ತಲೆ ಸವೆಯುವುದಿಲ್ಲ. ಯಾರೋ ಬಿಚ್ಚುತ್ತಿದ್ದಾರೆ, ಅದೂ ನಡುಗುವ ಕೈಯಲ್ಲಿ.

ಮಾವನ ಕಡೆ ನೋಡಿದೆ. ಅವರು ಹೊರಗಿನ ಬಾಳೆಗಿಡ ನೋಡುತ್ತಿದ್ದರು.

ಹಲಗೆ ತೆಗೆದಾಗ ಹಿಂದೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಚಪ್ಪಟೆ ಕಟ್ಟು. ಎಲ್ಲರ ಆಧಾರ್ ಜೆರಾಕ್ಸ್, ಈ ವರ್ಷದ ಪಹಣಿ, ರೇಷನ್ ಕಾರ್ಡು, ಮಗಳ ಕಳೆದ ವರ್ಷದ ಅಂಕಪಟ್ಟಿ, ಐನೂರರ ಹತ್ತು ನೋಟು. ಪ್ರತಿ ಜೂನ್‌ನಲ್ಲಿ ಹಳತು ತೆಗೆದು ಹೊಸತು ಇಡುತ್ತಾರಂತೆ. ಬದಲಾಗದೆ ಉಳಿದದ್ದು ಒಂದೇ, ಅತ್ತೆಯ ಬಿಪಿ ಮಾತ್ರೆಯ ಚೀಟಿ. ಅತ್ತೆ ಹೋಗಿ ನಾಲ್ಕು ವರ್ಷವಾಯಿತು.

“ನಿಮಗೆಲ್ಲ ಹೇಳಿದ್ರೆ ನಗ್ತೀರಿ ಅಂತ,” ಅಂದರು ಮಾವ.

“ನಗೋದಿಲ್ಲ ಮಾವ. ಆದ್ರೆ ರಾತ್ರಿ ಹೊತ್ತು ನಿಮಗೆ ಸ್ಕ್ರೂ ಬಿಚ್ಚೋಕಾಗತ್ತಾ?”

ಅದಕ್ಕೆ ಉತ್ತರ ಬರಲಿಲ್ಲ.

ಕಟ್ಟಿನ ಫೋಟೋ ತೆಗೆದು ಯಜಮಾನರಿಗೆ ಕಳಿಸಿದೆ. ಒಂದು ಗಂಟೆ ಬಿಟ್ಟು ಫೋನ್ ಬಂತು. ಗುಜರಿಯ ಮಾತಿಲ್ಲ. “ಅಮ್ಮನ ಚೀಟಿ ಒದ್ದೆ ಆಗಿಲ್ಲ ತಾನೆ?” ಅಂತ ಕೇಳಿದರು.

ಸ್ಕ್ರೂ ಬೇಡವೆಂದು ತೀರ್ಮಾನಿಸಿದೆ. ಮಡಿಕೇರಿಯ ಹಾರ್ಡ್‌ವೇರ್ ಅಂಗಡಿಯಿಂದ ತುಕ್ಕು ಹಿಡಿಯದ ನಾಲ್ಕು ಸ್ಟೀಲ್ ಬೋಲ್ಟ್, ಎರಡು ಕಿವಿ ಇರುವ ನಾಲ್ಕು ನಟ್ ತಂದೆ, ಅಂಗಡಿಯಲ್ಲಿ ವಿಂಗ್ ನಟ್ ಎನ್ನುತ್ತಾರೆ. ಬೋಲ್ಟಿನ ತಲೆಯನ್ನು ಹಿಂದಿನ ರೀಪಿನೊಳಗೆ ಕೂರಿಸಿ, ತುದಿ ಮಾತ್ರ ಬೀಡಿಂಗ್‌ನಿಂದ ಹೊರಗೆ ಬರುವ ಹಾಗೆ ಮಾಡಿ, ಮೇಲೆ ರಬ್ಬರ್ ವಾಷರ್ ಕೊಟ್ಟು ನಟ್ ಬಿಗಿದೆ. ವಾಷರ್ ಇಲ್ಲದಿದ್ದರೆ ಘಾಟಿ ಇಳಿಯುವಷ್ಟರಲ್ಲಿ ನಟ್ ತಾನೇ ಸಡಿಲಾಗುತ್ತದೆ. ಬೀಡಿಂಗಿನ ತೂತುಗಳನ್ನು ಸ್ವಲ್ಪ ಅಡ್ಡಕ್ಕೆ ಅಗಲಿಸಿದ್ದೇನೆ, ಮರ ಉಬ್ಬಿದರೆ ಉಬ್ಬಲಿ. ನೋಡಲು ಚಂದವಿಲ್ಲ, ಬಟ್ಟೆ ಸಿಕ್ಕಿಕೊಳ್ಳುತ್ತದೆ ಅಂತ ಮಗಳ ತಕರಾರು.

ಮಾವ ಎಡಗೈಯಲ್ಲಿ ಬಿಚ್ಚಿ ನೋಡಿದರು. ಮಗಳು ಫೋನಿನಲ್ಲಿ ಗಂಟೆ ಹಿಡಿದಳು, ನಲವತ್ತು ಸೆಕೆಂಡು. ಇನ್ನೊಮ್ಮೆ ಕಣ್ಣು ಮುಚ್ಚಿ ಬಿಚ್ಚಿದರು, ಅದಕ್ಕೆ ಒಂದು ನಿಮಿಷ ಹಿಡಿಯಿತು. ಕಟ್ಟನ್ನು ಅವರೇ ಒಳಗಿಟ್ಟರು, ಚೀಟಿ ಸಮೇತ.

ಇನ್ನು ಹಿಂಬಾಗಿಲಿನ ರಬ್ಬರ್ ಒಂದು ಬಾಕಿ. ಸುಳ್ಯದಲ್ಲಿ ಸಿಗುತ್ತದಂತೆ, ಮಳೆ ಹಿಡಿಯುವ ಮೊದಲು ಒಂದು ಶನಿವಾರ ಹೋಗಿ ತರಬೇಕು.