ಬ್ಯಾಟರಿಯ ಯೋಗಕ್ಷೇಮ

ಅಪ್ಪ ತೀರಿಕೊಂಡ ಮೇಲೆ ನಂತೂರಿನ ಮನೆ ನನ್ನ ಪಾಲಿಗೆ ಬಂತು. ಅಪ್ಪನ ಚಿಂತೆ ಮಾಡುವ ಗುಣ ತಮ್ಮನ ಪಾಲಿಗೆ ಹೋಯಿತು. ಅವನಿರುವುದು ಕೆನಡಾದ ಕ್ಯಾಲ್ಗರಿಯಲ್ಲಿ. ಒಲೆ, ಹಾಸಿಗೆ, ಫ್ರಿಜ್ಜು ಎಲ್ಲ ಇರುವ ಕ್ಯಾಂಪರ್ ವ್ಯಾನೊಂದನ್ನು ಇಟ್ಟುಕೊಂಡಿದ್ದಾನೆ. ಬೇಸಿಗೆಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಊರೂರು ಸುತ್ತುತ್ತಾನೆ. ಉಳಿದ ಕಾಲವೆಲ್ಲ ಅದರ ಬ್ಯಾಟರಿಯ ಆರೈಕೆ.

"ಅಣ್ಣ, ಇಲ್ಲಿ ಮೈನಸ್ ಇಪ್ಪತ್ತೆಂಟು. ಬ್ಯಾಟರಿ ಬಿಚ್ಚಿ ಮನೆಯೊಳಗೆ ತಂದಿಟ್ಟೆ."

ಸೀಸದ ಬ್ಯಾಟರಿ ಪೂರ್ತಿ ಚಾರ್ಜಾಗಿದ್ದರೆ ಆ ಚಳಿಗೆಲ್ಲ ಜಗ್ಗುವುದಿಲ್ಲ. ಖಾಲಿಯಾದರೆ ಒಳಗಿನ ಆಮ್ಲ ತೆಳುವಾಗಿ ಹೆಚ್ಚುಕಡಿಮೆ ನೀರೇ ಆಗುತ್ತದೆ, ಹೆಪ್ಪುಗಟ್ಟಿ ಡಬ್ಬಿ ಬಿರಿಯುತ್ತದೆ. ಹಾಗೆಂದು ಅವನು ಲಿಥಿಯಮ್ಮಿಗೆ ಬದಲಿಸಿದ. ಅದರ ನಖರಾ ಬೇರೆ. ಸೊನ್ನೆ ಡಿಗ್ರಿಯ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಲೋಹವಾಗಿ ಒಳಗೇ ಪದರು ಕಟ್ಟಿಕೊಳ್ಳುತ್ತದೆ, ಮತ್ತೆ ಸರಿಯಾಗುವುದಿಲ್ಲ. ಆದ್ದರಿಂದ ಬ್ಯಾಟರಿಗೊಂದು ಬಿಸಿಪಟ್ಟಿಯನ್ನೂ ಕೊಂಡಿದ್ದಾನೆ. ಅಪ್ಪನ ಬೆನ್ನುನೋವಿಗೆ ನಾವು ತಂದುಕೊಟ್ಟಿದ್ದೂ ಅಂಥದ್ದೇ. ಅವರು ಅದನ್ನು ಡಬ್ಬಿಯಿಂದ ಹೊರಗೆ ತೆಗೆಯಲಿಲ್ಲ.

ನನ್ನ ಸಂಕಟ ಇದರ ತದ್ವಿರುದ್ಧ. ಏಪ್ರಿಲ್ ತಿಂಗಳಲ್ಲಿ ನಂತೂರು ಸರ್ಕಲ್ಲಿಗೆ ಬಂದು ನೋಡಿ. 66 ಮತ್ತು 169, ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುವ ಜಾಗ. ಲಾರಿಗಳು ತಿರುಗುವಾಗ ಏಳುವುದೇ ಗಾಳಿ. ನಮ್ಮ ಮೆಟ್ಟಿಲಡಿಗೆ ಅದೂ ಇಲ್ಲ. ಅಲ್ಲಿ ಕೂತಿರುವ ಇನ್‌ವರ್ಟರ್ ಬ್ಯಾಟರಿ ಸೆಕೆಯಲ್ಲಿ ಬಲು ಹುರುಪಿನಿಂದ ಕೆಲಸ ಮಾಡುತ್ತದೆ, ಅದಕ್ಕೆ ಮರುಳಾಗಬಾರದು. 25 ಡಿಗ್ರಿಯಿಂದ ಮೇಲೆ ಪ್ರತಿ 10 ಡಿಗ್ರಿಗೆ ಸೀಸದ ಬ್ಯಾಟರಿಯ ಆಯುಷ್ಯ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಸೆಕೆ ಏರಿದಂತೆ ಚಾರ್ಜಿನ ವೋಲ್ಟೇಜನ್ನು ಒಂದಿಷ್ಟು ಇಳಿಸಬೇಕು, ಚಳಿಯಲ್ಲಿ ಏರಿಸಬೇಕು. ತಮ್ಮನ ಚಾರ್ಜರಿಗೆ ಸೆನ್ಸರ್ ಇದೆ, ತಾನೇ ನೋಡಿಕೊಳ್ಳುತ್ತದೆ. ನನ್ನದಕ್ಕೆ ಏಪ್ರಿಲ್ಲೂ ಒಂದೇ, ಆಷಾಢವೂ ಒಂದೇ.

ಅಪ್ಪ ಇದ್ದಾಗ ಸಂಕ್ರಮಣಕ್ಕೊಮ್ಮೆ ಬ್ಯಾಟರಿಗೆ ನೀರು. ಹಳೆ ಬನಿಯನ್ನಿನ ತುಂಡು, ಅಡುಗೆ ಸೋಡಾ, ವ್ಯಾಸಲೀನು, ಡಿಸ್ಟಿಲ್ಡ್ ವಾಟರಿನ ಕ್ಯಾನು, ಎಲ್ಲ ಮಣೆಯ ಮೇಲೆ ಸಾಲಾಗಿ. ಟರ್ಮಿನಲ್ಲಿಗೆ ಹತ್ತಿದ ಹಸಿರು ಬಿಳಿ ಹಿಟ್ಟನ್ನು ಸೋಡಾ ನೀರಿನಲ್ಲಿ ತೊಳೆದು ಒರೆಸುವರು. ರಬ್ಬರ್ ಬುರುಡೆಯ ಗಾಜಿನ ಕೊಳವೆಯಲ್ಲಿ ಆಮ್ಲ ಹೀರಿ, ಕನ್ನಡಕ ಹಣೆಗೇರಿಸಿ, ಕಿಟಕಿಯ ಬೆಳಕಿಗೆ ಹಿಡಿದು "ಒಂದು ಪಾಯಿಂಟ್ ಎರಡು ಐದು" ಎಂದು ಘೋಷಿಸುವರು. ಕೇಳಿಸಿಕೊಳ್ಳುವವರು ಯಾರೂ ಇರುತ್ತಿರಲಿಲ್ಲ. ಅಮ್ಮನ ತಕರಾರು ಮಾತ್ರ ತಪ್ಪದೆ ಇತ್ತು: "ದುಡ್ಡು ಕೊಟ್ಟು ನೀರು ತರುವುದೆಂತಕ್ಕೆ? ನಮ್ಮ ಬಾವಿ ನೀರು ಕುಡಿದು ಮಕ್ಕಳು ಇಂಜಿನಿಯರ್ ಆಗಲಿಲ್ವಾ?" ಬಾವಿ ನೀರಿನ ಖನಿಜ ಮಕ್ಕಳಿಗೆ ಒಳ್ಳೆಯದು, ಬ್ಯಾಟರಿಯ ಪ್ಲೇಟಿಗಲ್ಲ ಎಂದು ಅಪ್ಪ ಒಮ್ಮೆಯೂ ವಿವರಿಸಿದವರಲ್ಲ.

ಈಗ ಸಂಕ್ರಮಣದ ನೆನಪು ಮಾಡುವವನು ತಮ್ಮ. ನನಗೂ ಅವನಿಗೂ ಬೇರೆ ಮಾತು ಅಷ್ಟಾಗಿ ಇಲ್ಲ. ಸಣ್ಣವರಿದ್ದಾಗಲೂ ಇರಲಿಲ್ಲ. "ನೀರು ಹಾಕಿದ್ಯಾ? ಚಾರ್ಜ್ ಆದ ಮೇಲೆ ಹಾಕು, ಮೊದಲೇ ತುಂಬಿದರೆ ಉಕ್ಕಿ ಚೆಲ್ಲುತ್ತದೆ" ಎನ್ನುತ್ತಾನೆ. ನಾನು "ನಿನ್ನದು ಹೇಗುಂಟು?" ಎಂದು ಕೇಳುತ್ತೇನೆ. ಅರ್ಧ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ.

ಮೊನ್ನೆ ಅಮ್ಮ ಫೋನು ಕಸಿದುಕೊಂಡರು. "ಈ ಸಲವಾದರೂ ಊರಿಗೆ ಬರ್ತೀಯಾ ಇಲ್ವಾ?"

"ಚಳಿಗಾಲದಲ್ಲಿ ಹೇಗಮ್ಮ, ಬ್ಯಾಟರಿ ನೋಡಿಕೊಳ್ಳುವವರು ಬೇಕಲ್ಲ."

"ಅದನ್ನೂ ಕರ್ಕೊಂಡು ಬಾ. ಇಲ್ಲಿ ಚಳಿಯೇ ಇಲ್ಲ."

ಅಷ್ಟು ದೊಡ್ಡ ಲಿಥಿಯಂ ಬ್ಯಾಟರಿಯನ್ನು ವಿಮಾನಕ್ಕೆ ಹತ್ತಿಸಿಕೊಳ್ಳುವುದಿಲ್ಲ ಎಂದು ಅವನು ಆ ಕಡೆಯಿಂದ ವಿವರಿಸತೊಡಗಿದ. ಅಮ್ಮ ಅಷ್ಟರಲ್ಲಿ ನನ್ನ ಕೈಗೆ ಫೋನು ಕೊಟ್ಟು, ಅವನ ಕೋಣೆಯ ಬೀಗದ ಕೈ ಹುಡುಕಲು ಹೋಗಿಯಾಗಿತ್ತು.