ನಾಗಾರ್ಜುನಕೊಂಡದಲ್ಲೊಂದು ದಿನ

ನಮ್ಮ ಶಾಲೆಯಿರುವ ಬಡಾವಣೆಗೆ ವಿಶಾಖಪಟ್ಟಣದಲ್ಲಿ ಎಂವಿಪಿ ಕಾಲೋನಿ ಎಂದು ಹೆಸರು. ವಿಳಾಸದಲ್ಲಿ ಎಷ್ಟೋ ಸಲ ಬರೆದಿದ್ದರೂ ಈ ಮೂರು ಅಕ್ಷರಗಳ ಹಿಂದೆ ಏನಿದೆಯೆಂಬುದನ್ನು ನಾನು ಬಹುಕಾಲ ವಿಚಾರಿಸಿರಲಿಲ್ಲ. ರೈತು ಬಜಾರಿನಲ್ಲಿ ಸೊಪ್ಪು ಮಾರುವ ವೃದ್ಧೆಯೊಬ್ಬಳು ಒಮ್ಮೆ ಮಾತಿನ ನಡುವೆ ‘ಮುವ್ವಲವಾನಿಪಾಲೆಂ’ ಎಂದಳು. ಅದು ಇಲ್ಲಿದ್ದ ಹಳ್ಳಿಯ ಹೆಸರು. ಹಳ್ಳಿ ಮನೆಗಳ ಸಾಲಿನೊಳಗೆ ಕರಗಿತು, ಹೆಸರು ಮೂರಕ್ಷರಕ್ಕೆ ಇಳಿಯಿತು. ಅಂದು ಸೊಪ್ಪಿನ ಕಟ್ಟನ್ನು ಹಿಡಿದು ಮನೆಗೆ ಬರುತ್ತ ನನಗೆ ನಮ್ಮೂರಿನ ನೆನಪಾಯಿತು. ಅದೂ ಕರಗಿದ ಊರೇ. ಆದರೆ ಮನೆಗಳೊಳಗಲ್ಲ, ನೀರಿನೊಳಗೆ. ಆ ಮಾತು ಮುಂದೆ ಬರುತ್ತದೆ.

ಕಳೆದ ಡಿಸೆಂಬರಿನಲ್ಲಿ ಶಾಲೆಯ ಪ್ರವಾಸಕ್ಕೆ ಸ್ಥಳವನ್ನು ಆರಿಸುವಾಗ ನಿಮ್ಮಲ್ಲಿ ಹೆಚ್ಚಿನವರ ಕೂಗು ಅರಕು ಕಣಿವೆಯ ಕಡೆಗಿತ್ತು. ನಾಗಾರ್ಜುನಕೊಂಡವೆಂದು ಹಟ ಹಿಡಿದವನು ನಾನೊಬ್ಬನೇ. ಮುಖ್ಯೋಪಾಧ್ಯಾಯರಿಗೆ ಕೊಟ್ಟ ಕಾರಣ ಚರಿತ್ರೆಯ ಪಾಠ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲವೆಂಬುದು ನನಗೆ ತಿಳಿದುದು ಲಾಂಚಿನಲ್ಲಿ ಕುಳಿತ ಮೇಲೆ.

ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಸುಮಾರು 350 ಕಿಲೋಮೀಟರು. ರಾತ್ರಿಯ ರೈಲಿನಲ್ಲಿ ಹೊರಟೆವು. ಗೋದಾವರಿಯ ಸೇತುವೆ ಬಂದಾಗ ಎಲ್ಲರನ್ನೂ ಎಬ್ಬಿಸಬೇಕೆಂದಿದ್ದೆ. ನನಗೇ ನಿದ್ದೆ ಹತ್ತಿತು. ವಿಜಯವಾಡದಲ್ಲಿ ಇನ್ನೂ ಕತ್ತಲಿರುವಾಗಲೇ ಬಸ್ಸನ್ನೇರಿ, ಕೃಷ್ಣೆಯನ್ನು ದಾಟಿ, ಗುಂಟೂರು, ಪಿಡುಗುರಾಳ್ಳ, ಮಾಚರ್ಲಗಳ ಮಾರ್ಗವಾಗಿ ಸಾಗಿದೆವು. ಬೆಳಗಾಗುವ ಹೊತ್ತಿಗೆ ಪಲ್ನಾಡಿನ ಹೊಲಗಳು ಕಾಣಿಸಿದವು. ದಾರಿಯುದ್ದಕ್ಕೂ ಹತ್ತಿ ಮತ್ತು ಮೆಣಸಿನಕಾಯಿ; ಗಿಡಗಳಲ್ಲಿ ಕೆಂಪು ಮೂಡುತ್ತಿತ್ತು. ಕಲ್ಲು ಹೆಚ್ಚು, ಮಳೆ ಕಡಮೆಯಾದ ಈ ಸೀಮೆಗೆ ಈ ಹಸುರನ್ನು ಕೊಟ್ಟುದು ಕಾಲುವೆಯ ನೀರು. ಕಾಲುವೆಗೆ ನೀರು ಕೊಡುವುದು ನಾವು ನೋಡಹೊರಟಿದ್ದ ಅಣೆಕಟ್ಟು. ಈ ಹೊಲಗಳನ್ನು ಕಂಡವನು ಅಣೆಕಟ್ಟನ್ನು ಸುಲಭವಾಗಿ ಶಪಿಸಲಾರ. ಶಪಿಸುವ ಹಕ್ಕು ಸ್ವಲ್ಪ ಇರುವ ನಾನೂ ಶಪಿಸಲಾರೆ.

ವಿಜಯಪುರಿ ಸೌತ್ ಎಂಬಲ್ಲಿ ಲಾಂಚು ಸಿದ್ಧವಾಗಿತ್ತು. ಎಲ್ಲರಿಗೂ ತೇಲುವ ಅಂಗಿಗಳನ್ನು ತೊಡಿಸಿದರು. ನನ್ನ ಗಾತ್ರಕ್ಕೆ ಅದರ ಪಟ್ಟಿ ಎಟುಕದೆ ಹೋದುದನ್ನು ಏಳನೆಯ ತರಗತಿಯವರು ಇಂದಿಗೂ ಮರೆತಿಲ್ಲ. ಆ ಗಡಿಬಿಡಿಯಲ್ಲಿ ಮೊಸರನ್ನದ ಡಬ್ಬಿಗಳನ್ನು ಬಸ್ಸಿನಲ್ಲಿಯೇ ಬಿಟ್ಟು ಬಂದೆ. ಮಧ್ಯಾಹ್ನದವರೆಗೆ ಬಿಸ್ಕತ್ತಿನಲ್ಲಿ ದಿನ ಕಳೆದುದಕ್ಕೆ ನಾನೇ ಹೊಣೆ. ಇಲ್ಲಿ ಬರೆದು ಒಪ್ಪಿಕೊಂಡಿದ್ದೇನೆ.

ನಮಗೆ ದೊರೆತ ಮಾರ್ಗದರ್ಶಕರು ಅರುವತ್ತು ದಾಟಿದವರು. ಹೆಗಲ ಮೇಲೆ ತುವಾಲು, ದೊಡ್ಡ ಕಂಠ. ಮಾತೆಲ್ಲ ತೆಲುಗು, ಅದೂ ಪಲ್ನಾಡಿನ ತೆಲುಗು. ನನಗೆ ಅರ್ಧ ತಿಳಿಯಿತು. ಉಳಿದರ್ಧವನ್ನು ನನ್ನ ವಿದ್ಯಾರ್ಥಿಗಳು ಕನ್ನಡಕ್ಕೆ ತಿರುಗಿಸಿ ನನಗೆ ಹೇಳಿದರು. ಅವರು ಹೇಳುತ್ತಿದ್ದಂತೆ ನಾನು ಅವರ ವ್ಯಾಕರಣವನ್ನು ತಿದ್ದಿದೆ. ಹೀಗೆ ಎರಡು ಪಾಠಗಳು ಒಂದೇ ಬೆಂಚಿನ ಮೇಲೆ ನಡೆದವು.

ಲಾಂಚು ಸುಮಾರು ಒಂದು ಗಂಟೆ ಸಾಗುತ್ತದೆ. ಸುತ್ತಲೂ ಬೆಟ್ಟ, ನಡುವೆ ನೀರು. ಈ ನೀರಿನ ಕೆಳಗೆ ಒಂದು ರಾಜಧಾನಿಯಿದೆ. ಸಾತವಾಹನರ ಬಳಿಕ, ಕ್ರಿಸ್ತಶಕ 3ನೆಯ ಶತಮಾನದಲ್ಲಿ, ಇಕ್ಷ್ವಾಕು ಅರಸರು ಇಲ್ಲಿ ವಿಜಯಪುರಿಯೆಂಬ ಪಟ್ಟಣವನ್ನು ಕಟ್ಟಿ ಆಳಿದರು. ಮೂರು ಕಡೆ ಬೆಟ್ಟ, ಒಂದು ಕಡೆ ಕೃಷ್ಣೆ. ಮೊದಲ ಅರಸ ಚಾಂತಮೂಲ ಅಶ್ವಮೇಧ ಮಾಡಿದವನು. ಅವನ ತಂಗಿ ಚಾಂತಿಸಿರಿ ಬೌದ್ಧರ ಮಹಾಚೈತ್ಯಕ್ಕೆ ದಾನಮಾಡಿದವಳು. ಅಣ್ಣನ ಯಜ್ಞಕುಂಡ, ತಂಗಿಯ ಸ್ತೂಪ ಒಂದೇ ಕಣಿವೆಯಲ್ಲಿದ್ದವು. ನದಿಯ ದಂಡೆಯುದ್ದಕ್ಕೂ ದೇವಾಲಯಗಳಿದ್ದವು: ಪುಷ್ಪಭದ್ರಸ್ವಾಮಿ, ಕಾರ್ತಿಕೇಯ, ಅಷ್ಟಭುಜಸ್ವಾಮಿ. ದಕ್ಷಿಣದಲ್ಲಿ ಕುರುಹು ದೊರೆತಿರುವ ಅತ್ಯಂತ ಹಳೆಯ ದೇವಾಲಯಗಳ ಸಾಲಿಗೆ ಇವು ಸೇರುತ್ತವೆ.

ಆ ಬಳಿಕ ನೂರಾರು ವರ್ಷ ಕಣಿವೆಯನ್ನು ಲೋಕ ಮರೆತಿತು. ಅದನ್ನು ಮತ್ತೆ ಲೋಕದ ಗಮನಕ್ಕೆ ತಂದವರು ಯಾರು ಬಲ್ಲಿರಾ? ಒಬ್ಬ ಉಪಾಧ್ಯಾಯರು. 1926ರಲ್ಲಿ ಸೂರಪರಾಜು ವೆಂಕಟರಾಮಯ್ಯ ಎಂಬ ಸ್ಥಳೀಯ ಶಾಲೆಯ ಮೇಷ್ಟ್ರು ಇಲ್ಲಿ ಒಂದು ಪ್ರಾಚೀನ ಕಂಬವನ್ನು ಕಂಡು ಮದರಾಸಿನ ಸರ್ಕಾರಕ್ಕೆ ತಿಳಿಸಿದರು. ನನ್ನ ವೃತ್ತಿಬಾಂಧವರ ಹೆಸರನ್ನು ಹೇಳುವಾಗ ನನ್ನ ಧ್ವನಿ ತುಸು ಏರಿದ್ದರೆ ಕ್ಷಮಿಸಬೇಕು. ಮರುವರ್ಷದಿಂದ ಲಾಂಗ್‌ಹರ್ಸ್ಟ್ ಎಂಬ ಆಂಗ್ಲ ವಿದ್ವಾಂಸರು ಅಗೆಸಿದರು, 1938ರಲ್ಲಿ ಟಿ. ಎನ್. ರಾಮಚಂದ್ರನ್ ಅವರು ಮುಂದುವರಿಸಿದರು. ಅಷ್ಟರಲ್ಲಿ ಅಣೆಕಟ್ಟಿನ ಯೋಜನೆ ಬಂತು. 1955ರ ಡಿಸೆಂಬರ್ 10ರಂದು ನೆಹರೂ ಅವರು ಅಸ್ತಿಭಾರದ ಕಲ್ಲನ್ನಿಟ್ಟರು. ಒಂದು ಕಡೆ ಗೋಡೆ ಏಳುತ್ತಿರಲು ಇನ್ನೊಂದು ಕಡೆ ಆರ್. ಸುಬ್ರಹ್ಮಣ್ಯಂ ಅವರ ತಂಡ 1954ರಿಂದ 1960ರವರೆಗೆ ಕಣಿವೆಯನ್ನೆಲ್ಲ ಅಗೆದು ನೋಡಿತು. ನೀರು ಏರುವುದರೊಳಗೆ ಆದಷ್ಟನ್ನು ಬಿಚ್ಚಿ, ಹೊತ್ತು, ಬೆಟ್ಟದ ತಲೆಯ ಮೇಲೆ ಮತ್ತೆ ಜೋಡಿಸಿದರು. ಇಂದು ದ್ವೀಪವಾಗಿ ಉಳಿದಿರುವುದು ಆ ಬೆಟ್ಟದ ತಲೆಯೇ.

ದ್ವೀಪದ ಮೇಲೆ ನಡೆಯುವಾಗ ಒಂದು ವಿಚಿತ್ರ ಭಾವನೆ ಬರುತ್ತದೆ. ಪಲ್ನಾಡಿನ ನಸುಹಸುರು ಸುಣ್ಣಕಲ್ಲಿನ ಮೆಟ್ಟಿಲುಗಳುಳ್ಳ ಸ್ನಾನಘಟ್ಟವಿದೆ, ಅಂದವಾಗಿದೆ, ಆದರೆ ಅದರ ಹತ್ತಿರ ನದಿಯಿಲ್ಲ. ಸ್ತೂಪಗಳಿವೆ, ಸುತ್ತ ಭಿಕ್ಷುಗಳ ಊರಿಲ್ಲ. ಒಂದೊಂದು ಕಲ್ಲೂ ನಿಜ, ನಿಂತ ನೆಲ ಮಾತ್ರ ಬೇರೆ. ವಸ್ತುಸಂಗ್ರಹಾಲಯದಲ್ಲಿ ಎತ್ತರದ ಬುದ್ಧಮೂರ್ತಿಯನ್ನು ನೋಡಿ ಎಲ್ಲರೂ ಸುಮ್ಮನಾದರು. ನಾನು ಹೆಚ್ಚು ಹೊತ್ತು ನಿಂತುದು ಮುಳುಗಿದ ಕಣಿವೆಯ ಮಾದರಿಯ ಮುಂದೆ. ಯಾವ ಗುಡಿ ಎಲ್ಲಿತ್ತು, ನದಿ ಎಲ್ಲಿ ತಿರುಗುತ್ತಿತ್ತು ಎಂಬುದನ್ನೆಲ್ಲ ಚಿಕ್ಕದಾಗಿ ಮಾಡಿ ಇಟ್ಟಿದ್ದಾರೆ.

ಅಲ್ಲಿಯೇ ನಾನು ಅಧಿಕಪ್ರಸಂಗ ಮಾಡಿದೆ. ಹೊರಡುವ ಮುನ್ನ ಒಂದು ವಿಷಯವನ್ನು ಓದಿಕೊಂಡಿದ್ದೆ. ಇಕ್ಷ್ವಾಕು ಅರಸ ವೀರಪುರುಷದತ್ತನ ಮಗಳು ಕೊಡಬಲಿಸಿರಿ ವನವಾಸದ, ಎಂದರೆ ನಮ್ಮ ಬನವಾಸಿಯ, ಮಹಾರಾಜನ ರಾಣಿಯಾದಳು. ಅವಳ ಸೋದರ ಎಹುವುಲ ಚಾಂತಮೂಲನ ಆಳ್ವಿಕೆಯ 11ನೆಯ ವರ್ಷದಲ್ಲಿ ಅವಳು ತವರಿನಲ್ಲಿ ಬೌದ್ಧ ಆಚಾರ್ಯರಿಗಾಗಿ ಒಂದು ವಿಹಾರವನ್ನು ಕಟ್ಟಿಸಿದಳೆಂದು ಇಲ್ಲಿಯ ಶಾಸನ ಹೇಳುತ್ತದೆ. ಕದಂಬರು ಬನವಾಸಿಯಲ್ಲಿ ತಲೆಯೆತ್ತುವುದಕ್ಕೂ ಮುಂಚಿನ ಮಾತಿದು. ಮಾರ್ಗದರ್ಶಕರ ಮಾತನ್ನು ನಡುವೆ ತಡೆದು, ‘ನೋಡಿರಿ ಮಕ್ಕಳೇ, ಇಲ್ಲಿಯೂ ನಮ್ಮದುಂಟು!’ ಎಂದು ಎದೆಯುಬ್ಬಿಸಿ ವಿವರಿಸಿದೆ.

ಅವರು ಮಕ್ಕಳಿಂದ ಅರ್ಥ ಕೇಳಿಕೊಂಡು ನಕ್ಕರು. ‘ಮಾಸ್ಟಾರೂ, ಆಕೆ ನಮ್ಮ ಮಗಳು. ನಿಮಗೆ ಸೊಸೆ’ ಎಂದರು.

ನನ್ನ ಎದೆ ಯಥಾಸ್ಥಾನಕ್ಕೆ ಬಂತು. ಉತ್ತರ ಹೊಳೆಯಲಿಲ್ಲ, ಇಂದಿಗೂ ಹೊಳೆದಿಲ್ಲ.

ಆಗ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: ‘ಸಾರ್, ತವರಿಗೆ ಬಂದಾಗ ಆ ರಾಣಿ ಯಾವ ಭಾಷೆಯಲ್ಲಿ ಮಾತಾಡಿದಳು?’ ಶಾಸನಗಳು ಪ್ರಾಕೃತದಲ್ಲಿವೆ ಎಂದೆ. ‘ಕಲ್ಲಿನ ಮೇಲಿನದಲ್ಲ ಸಾರ್, ಬಾಯಿಯ ಮಾತು’ ಎಂದಳು. ನಮ್ಮ ಹಲ್ಮಿಡಿಯ ಶಾಸನವೇ ಸುಮಾರು 450ರದು. ಅವಳ ಕಾಲಕ್ಕೆ ನೂರಕ್ಕಿಂತ ಹೆಚ್ಚು ವರ್ಷ ಈಚಿನದು. ಅರಮನೆಯ ಹೆಣ್ಣುಮಕ್ಕಳು ಅಡಿಗೆಮನೆಯಲ್ಲಿ ಆಡಿದ ಮಾತನ್ನು ಯಾರೂ ಕೆತ್ತಲಿಲ್ಲ. ಹಾಗೆಂದು ಹೇಳಿದೆ. ಹುಡುಗಿ ಸ್ವಲ್ಪ ಯೋಚಿಸಿ, ‘ನಮ್ಮಮ್ಮ ಅಜ್ಜಿಯ ಊರಿಗೆ ಹೋದರೆ ಎರಡು ದಿನ ಬಾಯಿಗೆ ತೆಲುಗೇ ಬರುತ್ತದೆ. ಅಜ್ಜಿ ಬೈಯುತ್ತಾರೆ. ಮೂರನೆಯ ದಿನಕ್ಕೆ ಸರಿಹೋಗುತ್ತದೆ’ ಎಂದಳು. ಈ ಮಾರ್ಚಿಗೆ ಹತ್ತನೆಯ ತರಗತಿ ಮುಗಿದರೆ ಈ ನಗರದಲ್ಲಿ ಅವಳ ಕನ್ನಡದ ತರಗತಿಗಳೂ ಮುಗಿಯುತ್ತವೆ. ಅವಳಿಗೆ ಇನ್ನು ಮೂರು ತಿಂಗಳಲ್ಲಿ ಏನನ್ನು ಕಲಿಸಬೇಕೆಂಬ ಚಿಂತೆ ನನ್ನನ್ನು ಅಲ್ಲಿ, ಆ ಮಾದರಿಯ ಕಣಿವೆಯ ಮುಂದೆ, ಹಿಡಿಯಿತು.

ಅಷ್ಟಭುಜಸ್ವಾಮಿಯ ಸುದ್ದಿಯನ್ನು ಬಿಡುವ ಹಾಗಿಲ್ಲ. ಆಭೀರ ದೊರೆ ವಸುಷೇಣನ 30ನೆಯ ವರ್ಷದ ಶಾಸನವೊಂದು ಆ ದೇವರ ಪ್ರತಿಷ್ಠೆಯನ್ನು ಹೇಳುತ್ತದೆ. ಅದರಲ್ಲಿ ಅವಂತಿಯ ಶಕ ದೊರೆಯ ಜೊತೆಗೆ ವನವಾಸದ ಸಾತಕರ್ಣಿಯೊಬ್ಬನ ಹೆಸರೂ ಇದೆ. ಮೂರ್ತಿಯನ್ನು ಅತ್ತಿಯ ಮರದಲ್ಲಿ ಮಾಡಿದ್ದರೆಂದು ಪಂಡಿತರು ಅರ್ಥಮಾಡಿದ್ದಾರೆ. ಮರದ ದೇವರು ಉಳಿಯಲಿಲ್ಲ. ಗುಡಿಯ ನೆಲ ನೀರಿನ ಕೆಳಗಿದೆ. ಹೆಸರು ಉಳಿದಿದೆ.

ಮರಳುವ ಲಾಂಚಿನಲ್ಲಿ ಮಾರ್ಗದರ್ಶಕರು ನನ್ನ ಪಕ್ಕದಲ್ಲಿ ಕುಳಿತರು. ವಿವರಣೆ ಮುಗಿದಿತ್ತು, ಕಂಠವೂ ತಗ್ಗಿತ್ತು. ಅವರ ತಂದೆ ಆ ಅಗೆತದಲ್ಲಿ ಮಣ್ಣು ಹೊತ್ತವರಂತೆ. ಬುಟ್ಟಿಗೆ ಬುಟ್ಟಿ ಲೆಕ್ಕ ಹಾಕಿ ಕೂಲಿ. ಅವರ ಊರೂ ಈ ಕಣಿವೆಯಲ್ಲಿಯೇ ಇತ್ತು. ‘ಅರಸರ ಕಲ್ಲನ್ನೆಲ್ಲ ಮೇಲೆ ತಂದರು. ನಮ್ಮಪ್ಪ ನಮ್ಮ ಮನೆಯ ಬಾಗಿಲೊಂದನ್ನು ಗಾಡಿಯಲ್ಲಿ ಹೇರಿಕೊಂಡು ಬಂದ’ ಎಂದು ಬೆರಳನ್ನು ನೀರಿನ ಕಡೆಗೆ ತೋರಿಸಿದರು. ಅಲ್ಲಿ ನೀರಲ್ಲದೆ ಬೇರೇನೂ ಇರಲಿಲ್ಲ.

ಆಗ ನಾನು, ಯಾರೂ ಕೇಳದಿದ್ದರೂ, ನಮ್ಮೂರಿನ ಕಥೆಯನ್ನು ಹೇಳಿದೆ. ಬಾಗಲಕೋಟೆಯ ಹತ್ತಿರ ಘಟಪ್ರಭೆಯ ದಂಡೆಯ ಹಳ್ಳಿ. ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರು ಬಂದಾಗ ನನಗೆ ಹತ್ತು ವರ್ಷ. ಪುನರ್ವಸತಿ ಕೇಂದ್ರದಲ್ಲಿ ಹೊಸ ಮನೆ, ನೇರವಾದ ಬೀದಿ. ಹನುಮಪ್ಪನ ಮೂರ್ತಿಯನ್ನು ಊರವರು ಭಜನೆ ಮಾಡುತ್ತ ಹೊತ್ತು ತಂದು ಹೊಸ ಗುಡಿಯಲ್ಲಿಟ್ಟರು. ಹಳೆಯ ಗುಡಿಯ ಗೋಡೆ ಅಲ್ಲಿಯೇ ನಿಂತಿತು. ಬೇಸಗೆಯಲ್ಲಿ ನೀರು ಇಳಿದಾಗ ಅದು ಕಾಣಿಸುತ್ತದೆ. ಕೆಲವರು ಹೋಗಿ ಬರಿಯ ಗೋಡೆಗೆ ಕಾಯಿ ಒಡೆದು ಬರುತ್ತಾರೆ. ನನ್ನ ತಾಯಿ ಪ್ರತಿವರ್ಷವೂ ಕೇಳುತ್ತಾಳೆ, ತನ್ನನ್ನೊಮ್ಮೆ ಅಲ್ಲಿಗೆ ಕರೆದುಕೊಂಡು ಹೋಗೆಂದು. ನಾನು ಪ್ರತಿವರ್ಷವೂ ಪರೀಕ್ಷೆ, ಮೌಲ್ಯಮಾಪನ ಎಂದು ಬರೆಯುತ್ತೇನೆ. ನಿಜವಾಗಿ ತಡೆದುದು ಮೌಲ್ಯಮಾಪನವಲ್ಲ. ಆಡಿದ ಅಂಗಳದಲ್ಲಿ ಬಿರಿದ ಕೆಸರನ್ನು ನೋಡಲು ನನಗೆ ಧೈರ್ಯವಿರಲಿಲ್ಲ.

ಮಕ್ಕಳು ಸುತ್ತ ನೆರೆದಿದ್ದರು. ಏಳನೆಯ ತರಗತಿಯ ಹುಡುಗನೊಬ್ಬನು, ‘ಸಾರ್, ಘಟಪ್ರಭೆ ಎಲ್ಲಿಗೆ ಹೋಗುತ್ತದೆ?’ ಎಂದನು. ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ ಎಂದೆ. ಮುಂದೆ ಕೂಡಲಸಂಗಮದಲ್ಲಿ ಮಲಪ್ರಭೆ, ಆ ಬಳಿಕ ಭೀಮೆ, ತುಂಗಭದ್ರೆ. ಶ್ರೀಶೈಲದಲ್ಲಿ ತಂಗಿ, ಇಲ್ಲಿಗೆ ಬರುತ್ತದೆ.

‘ಹಾಗಾದರೆ ನಿಮ್ಮ ಮನೆಯ ಮೇಲೆ ನಿಂತಿದ್ದ ನೀರೇ ಇದು!’

‘ಅದೇ’ ಎಂದೆ. ದಡಕ್ಕೆ ಇಳಿದಾಗ ಆ ಹುಡುಗನು ಬಗ್ಗಿ ಒಂದು ಬೊಗಸೆ ನೀರನ್ನೆತ್ತಿ ನೋಡಿ ಚೆಲ್ಲಿದನು. ನಾನೂ ಹಾಗೆಯೇ ಮಾಡಬೇಕೆಂದುಕೊಂಡೆ. ಉಳಿದ ಉಪಾಧ್ಯಾಯರು ನೋಡುತ್ತಿದ್ದುದರಿಂದ ಮಾಡಲಿಲ್ಲ.

ಮೊಸರನ್ನ ಹುಳಿಯಾಗಿತ್ತು; ಆದರೂ ಒಂದು ಅಗುಳೂ ಉಳಿಯಲಿಲ್ಲ. ಅಲ್ಲಿಂದ ಅನುಪಿಗೆ ಹೋಗಿ, ಕಣಿವೆಯಿಂದ ತಂದು ಕಟ್ಟಿದ ರಂಗಸ್ಥಳವನ್ನು ನೋಡಿದೆವು. ನಡುವೆ ನಿಂತು ಚಪ್ಪಾಳೆ ತಟ್ಟಿದರೆ ಮೇಲಿನ ಮೆಟ್ಟಿಲಿಗೂ ಕೇಳುತ್ತದೆ. ಎಲ್ಲರೂ ತಟ್ಟಿದುದರಿಂದ ಯಾರದು ಯಾರಿಗೆ ಕೇಳಿತೋ ತಿಳಿಯಲಿಲ್ಲ.

ರಾತ್ರಿ ವಿಜಯವಾಡದ ನಿಲ್ದಾಣದಲ್ಲಿ ರೈಲಿಗಾಗಿ ಕಾಯುತ್ತ ತಾಯಿಗೆ ದೂರವಾಣಿ ಮಾಡಿದೆ. ಬರುವ ಬೇಸಗೆಯಲ್ಲಿ ಬರುತ್ತೇನೆ, ಇಬ್ಬರೂ ಹಳೆಯ ಊರಿಗೆ ಹೋಗೋಣವೆಂದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ನಂಬಲಿಲ್ಲವೆಂದು ತೋರುತ್ತದೆ. ಟಿಕೇಟು ಕೊಂಡಿದ್ದೇನೆಂದು ಸುಳ್ಳು ಹೇಳಿದೆ. ಮರುದಿನ ಬೆಳಿಗ್ಗೆ ಕೊಂಡು ಆ ಸುಳ್ಳನ್ನು ನಿಜಮಾಡಿದೆ. ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ನಾನು ಬಹುಶಃ ಆ ರೈಲಿನಲ್ಲಿರುತ್ತೇನೆ.

‘ನೀರು ಇಳದಿರಬೇಕಲ್ಲಪಾ’ ಎಂದಳು ಕಡೆಗೆ. ಸ್ವಲ್ಪ ತಡೆದು, ‘ಕಾಯಿ ಅಲ್ಲಿಂದ ತರಬ್ಯಾಡ. ಇಲ್ಲೇ ಸಿಗತಾವು’ ಎಂದಳು.